ಎಲ್ಲಾ ಸೇರಿ ಏಳು ಸಾವಿರದ ಇನ್ನೂರು

ಮಾರ್ಚ್ 3, ಸೋಮವಾರ

ಇವತ್ತಿನಿಂದ ನಾನು ಇವರ ಕುರ್ಚಿಯಲ್ಲಿ, ಇವರು ಮನೆಯಲ್ಲಿ ನನ್ನ ಕುರ್ಚಿಯಲ್ಲಿ. ಮದುವೆಯಾದ ಮೇಲೆ ನಮ್ಮಿಬ್ಬರ ನಡುವೆ ನಡೆದ ಮೊದಲ ಅದಲುಬದಲು ಇದು.

ಫೆಬ್ರವರಿಯಲ್ಲಿ ಇವರ ತಲೆಯೊಳಗೆ ಸಾಸಿವೆ ಕಾಳಿನಷ್ಟು ರಕ್ತ ಹೆಪ್ಪುಗಟ್ಟಿತು. ಎರಡು ವಾರ ಆಸ್ಪತ್ರೆ. ಈಗ ಕೈ ಆಡುತ್ತದೆ, ಕಾಲು ನಡೆಯುತ್ತದೆ, ಬಾಯಿಯಂತೂ ನಡೆಯುವುದಲ್ಲ, ಓಡುತ್ತದೆ. ಆದರೂ ಮೂರು ತಿಂಗಳು ಕೆಲಸಕ್ಕೆ ಹೋಗಕೂಡದು ಎಂದಿದ್ದಾರೆ ಡಾಕ್ಟರು. ನಲ್ಲಿ, ಟೈಲ್ಸು, ಕಮೋಡು ಮಾರುವ ಅಂಗಡಿಯಲ್ಲಿ ಹದಿನೆಂಟು ವರ್ಷದಿಂದ ಬಿಲ್ಲು ಹಾಕುತ್ತಿದ್ದವರು ಇವರು. ಮಾಲೀಕರು ಮನೆಗೇ ಬಂದು ನೋಡಿಕೊಂಡು, ಕಾಫಿ ಕುಡಿದು, ಹೊರಡುವಾಗ ಬಾಗಿಲಲ್ಲಿ ನಿಂತು ನನಗೆ ಹೇಳಿದರು:

"ಮೂರು ತಿಂಗಳು ಆ ಕುರ್ಚಿ ಅವರದ್ದೇ. ಅಲ್ಲೀತನಕ ನೀನೇ ಬಂದು ಕೂತ್ಕೋಮ್ಮ. ಹೊಸಬರನ್ನ ಕೂರಿಸಿದ್ರೆ ಆಮೇಲೆ ಎಬ್ಬಿಸೋದು ಕಷ್ಟ."

"ನನಗೆ ಲೆಕ್ಕ ಬರಲ್ಲ. ನಾನು ಬಿ.ಎ. ಸಾಹಿತ್ಯ ಓದಿದವಳು."

"ಕೂತ್ಕೊಳ್ಳೋಕೆ ಬರುತ್ತಲ್ಲ?"

ಬರುತ್ತದೆ. ಇವತ್ತು ಬೆಳಗ್ಗೆಯಿಂದ ಸಂಜೆವರೆಗೆ ಕೂತೆ. ಗಾಜಿನ ಕೋಣೆ, ಕಂಪ್ಯೂಟರು, ಕ್ಯಾಲ್ಕುಲೇಟರು, ಒಂದು ಕಾಲು ಕುಂಟಾದ ಕುರ್ಚಿ. ಕುಂಟು ಕಾಲಿನ ಕೆಳಗೆ ಇವರು ಮಡಿಸಿ ಇಟ್ಟ ರಟ್ಟು. ಎದುರಿಗೆ ಯಾರೂ ಕೂರದ ಕಮೋಡುಗಳು ಸಭೆ ಸೇರಿದ ಹಾಗೆ ಸಾಲಾಗಿ ನನ್ನನ್ನೇ ನೋಡುತ್ತಿದ್ದವು.

ಎಡಕ್ಕೂ ನಲ್ಲಿ, ಬಲಕ್ಕೂ ನಲ್ಲಿ,
ಒಂದು ಹನಿ ನೀರಿಲ್ಲ ಇಲ್ಲಿ.

ಮಾರ್ಚ್ 4, ಮಂಗಳವಾರ

ಎರಡನೇ ದಿನವೇ ಎಡವಟ್ಟು.

ಈ ಅಂಗಡಿಯಲ್ಲಿ ವ್ಯಾಪಾರ ನಡೆಯುವುದು ತಲೆಕೆಳಗಾಗಿ. ಎಲ್ಲ ಸಾಮಾನಿಗೂ ನೂರಕ್ಕೆ ಇಪ್ಪತ್ತು ತೆರಿಗೆ. ಕಂಪ್ಯೂಟರಿಗೆ ತೆರಿಗೆ ಇಲ್ಲದ ಬೆಲೆ ಕೊಟ್ಟರೆ ಅದು ತಾನೇ ಇಪ್ಪತ್ತು ಹಾಕಿ ಮೊತ್ತ ತೋರಿಸುತ್ತದೆ. ಆದರೆ ಗಿರಾಕಿಗಳಿಗೆ ತೆರಿಗೆಯ ಮಾತೇ ಬೇಡ. "ಎಲ್ಲಾ ಸೇರಿ ಎಷ್ಟು ಹೇಳು" ಎನ್ನುತ್ತಾರೆ. ಎಲ್ಲರೂ ರೇಡಿಯೋ ಎಂದು ಕರೆಯುವ ಸೇಲ್ಸ್‌ಮನ್ ಅವರ ಜೊತೆ ಚೌಕಾಸಿ ಮಾಡಿ, ಒಂದು ದುಂಡು ಮೊತ್ತಕ್ಕೆ ಮುಗಿಸಿ, ಗಾಜಿನ ಕಿಂಡಿಯಿಂದ ನನಗೆ ಕೂಗುತ್ತಾನೆ. ಆ ಮೊತ್ತದಿಂದ ಹಿಂದಕ್ಕೆ ನಡೆದು ತೆರಿಗೆ ಇಲ್ಲದ ಬೆಲೆ ಹುಡುಕಿಕೊಳ್ಳುವುದು ಬಿಲ್ಲಿನವರ ಪಾಡು. ಇವರು ಅದನ್ನು ತಲೆಯಲ್ಲೇ ಮಾಡುತ್ತಿದ್ದರಂತೆ.

"ಅಕ್ಕಾ, ಎಲ್ಲಾ ಸೇರಿ ಹನ್ನೆರಡು ಸಾವಿರ!" ಎಂದು ಕೂಗಿದ. ನನಗೆ ತಲೆಬುಡ ತಿಳಿಯಲಿಲ್ಲ. ಮನೆಗೆ ಫೋನು ಮಾಡಿದೆ.

"ಇಷ್ಟಕ್ಕೆಲ್ಲ ಫೋನಾ?" ಎಂದರು ಇವರು. "ನೂರಕ್ಕೆ ಇಪ್ಪತ್ತು ತೆಗಿ. ಒಂಬತ್ತು ಸಾವಿರದ ಆರ್ನೂರು."

ಒಂದು ಕ್ಷಣವೂ ತಡವಿಲ್ಲ. ಹಾಗೇ ಒತ್ತಿದೆ. ಕಂಪ್ಯೂಟರು ಹನ್ನೊಂದು ಸಾವಿರದ ಐನೂರ ಇಪ್ಪತ್ತು ಎಂದು ಬಿಲ್ಲು ಉಗುಳಿತು. ಗಿರಾಕಿ ಅದನ್ನು ಎರಡು ಸಲ ನೋಡಿದ, ಅಷ್ಟನ್ನೇ ಎಣಿಸಿಕೊಟ್ಟ, ಬಾಗಿಲವರೆಗೆ ನಿಧಾನವಾಗಿ ನಡೆದು ಆಮೇಲೆ ಓಡಿದ.

ಸಂಜೆ ಗಲ್ಲಾ ನೋಡಿದಾಗ ನಾನೂರ ಎಂಬತ್ತು ಕಡಿಮೆ. ಮಾಲೀಕರು ಕನ್ನಡಕ ತೆಗೆದು ಒರೆಸಿದರು. "ಮೊದಲನೇ ವಾರದ ತಪ್ಪು ನನ್ನ ಲೆಕ್ಕಕ್ಕೆ. ಎರಡನೇ ವಾರದಿಂದ ನಿನ್ನ ಲೆಕ್ಕಕ್ಕೆ" ಎಂದರು.

ಫೋನು ಮಾಡಿದಾಗ ಇವರು ನಿದ್ದೆಯಿಂದ ಎದ್ದಿದ್ದರು ಅನ್ನಿಸುತ್ತದೆ. ಪ್ರಶ್ನೆಯನ್ನು ನಾನೂ ಸರಿಯಾಗಿ ಕೇಳಲಿಲ್ಲ.

ಮಾರ್ಚ್ 6, ಗುರುವಾರ

ಎರಡು ದಿನ ಕಾಗದ ಹಾಳು ಮಾಡಿದ ಮೇಲೆ ಹೊಳೆಯಿತು. ನೂರರ ಸಾಮಾನಿಗೆ ಇಪ್ಪತ್ತು ಹಾಕಿದರೆ ನೂರಿಪ್ಪತ್ತು. ಆ ನೂರಿಪ್ಪತ್ತಕ್ಕೆ ಇಪ್ಪತ್ತು ಪರ್ಸೆಂಟ್ ಕತ್ತರಿಸಿದರೆ ಹೋಗುವುದು ಇಪ್ಪತ್ತಲ್ಲ, ಇಪ್ಪತ್ತನಾಲ್ಕು. ಹಾಕದೇ ಇದ್ದ ನಾಲ್ಕನ್ನೂ ತೆಗೆದಂತಾಯಿತು. ಹಾಕುವಾಗ ಐದರಲ್ಲಿ ಒಂದು ಪಾಲು. ಸೇರಿ ಹೋದ ಮೇಲೆ ಅದು ಆರರಲ್ಲಿ ಒಂದು ಪಾಲು. ಮೊತ್ತವನ್ನು ಆರರಿಂದ ಭಾಗಿಸಬೇಕು, ಒಂದು ಪಾಲು ಎತ್ತಿಟ್ಟರೆ ಉಳಿದದ್ದು ಅಂಗಡಿಯ ಬೆಲೆ. ಹನ್ನೆರಡು ಸಾವಿರಕ್ಕೆ ಹತ್ತು ಸಾವಿರ. ಎಷ್ಟು ಸಲೀಸು!

ಹಾಕುವಾಗ ಐದು, ತೆಗೆಯುವಾಗ ಆರು;
ಮರೆತ ದಿನ ನಷ್ಟ ತುಂಬುವವರು ಯಾರು?

ಊಟದ ಹೊತ್ತಿಗೆ ಇವರಿಗೆ ಹೇಳಿದೆ. "ನಾನು ಹೇಳಿದ್ದೂ ಅದನ್ನೇ ಅಲ್ವೇನೆ?" ಎಂದರು. ಹೌದಲ್ಲ ಅನ್ನಿಸಿತು. ಮಗಳು ತಟ್ಟೆಯಿಂದ ತಲೆಯೆತ್ತಿ ನನ್ನನ್ನು ನೋಡಿದಳು. ಕಾಲೇಜಿನವರಿಗೆ ಎಲ್ಲದರಲ್ಲೂ ಅನುಮಾನ.

ಮಾರ್ಚ್ 19, ಬುಧವಾರ

ಕೈ ಪಳಗುತ್ತಿದೆ. ಮೂರು ಸೊನ್ನೆಯ ಮೊತ್ತಗಳು ಈಗ ಕ್ಯಾಲ್ಕುಲೇಟರು ಕೇಳುವುದಿಲ್ಲ. "ಎಲ್ಲಾ ಸೇರಿ ಮೂರು ಸಾವಿರ" ಎಂದು ರೇಡಿಯೋ ಬಾಯಿ ಮುಚ್ಚುವಷ್ಟರಲ್ಲಿ ಎರಡೂವರೆ ಸಾವಿರ ಒತ್ತಿರುತ್ತೇನೆ. ಅವನು ಬಾಯಿ ಮುಚ್ಚುವುದೇ ಅಪರೂಪ, ಹಾಗಾಗಿ ಬೇಕಾದಷ್ಟು ಸಮಯ ಸಿಗುತ್ತದೆ.

"ಅಕ್ಕಾ, ಅಣ್ಣ ಬಂದ ಮೇಲೂ ನೀವು ಬರ್ತಾ ಇರಿ. ಅಣ್ಣ ನನ್ನ ಜೋಕಿಗೆ ನಗ್ತಾನೇ ಇರಲಿಲ್ಲ" ಎಂದ.

"ನಾನೂ ನಕ್ಕಿಲ್ಲವಲ್ಲ."

"ಅಣ್ಣ ಬೈತಿದ್ರು. ನೀವು ಬೈಯಲ್ಲ. ಅದೇ ನಗು ಅನ್ಕೊಂಡಿದ್ದೀನಿ."

ಟೈಲ್ಸ್ ಕೂರಿಸಲು ಬಂದಿದ್ದ ಬಡಗಿಯನ್ನು ಹಿಡಿದು ಕುರ್ಚಿಯ ಕಾಲು ಸರಿ ಮಾಡಿಸಿದೆ. ಟೈಲ್ಸಿಗೂ ಬಡಗಿಗೂ ಏನು ಸಂಬಂಧ ಎಂದು ಕೇಳಿದೆ. ಶೋರೂಮಿನ ಹಲಗೆ ಚೌಕಟ್ಟು ಅವನದ್ದಂತೆ. ರಟ್ಟನ್ನು ಕಸದಬುಟ್ಟಿಗೆ ಹಾಕಿದೆ.

ಏಪ್ರಿಲ್ 2, ಬುಧವಾರ

ಮಗಳಿಗೆ ಬುದ್ಧಿ ಹೇಳಬೇಕು.

ಸಂಜೆ ಮೂವರೂ ಟೀ ಕುಡಿಯುತ್ತಿದ್ದೆವು. ಇವರು ಒಳ್ಳೆಯ ಲಹರಿಯಲ್ಲಿದ್ದರು, ಆಸ್ಪತ್ರೆಯ ಪಕ್ಕದ ಹಾಸಿಗೆಯವನ ಗೊರಕೆಯನ್ನು ಅನುಕರಿಸಿ ತೋರಿಸುತ್ತಿದ್ದರು. ಇವಳು ನಡುವೆ, "ಅಪ್ಪಾ, ಒಂದು ಲೆಕ್ಕ. ಎಲ್ಲಾ ಸೇರಿ ಇನ್ನೂರ ನಲವತ್ತು. ತೆರಿಗೆ ಬಿಟ್ಟು ಎಷ್ಟು?" ಎಂದಳು.

"ನೂರ ತೊಂಬತ್ತೆರಡು."

"ಅಲ್ಲಪ್ಪ. ಇನ್ನೂರು. ನೂರ ತೊಂಬತ್ತೆರಡಕ್ಕೆ ತಿರುಗಿ ಇಪ್ಪತ್ತು ಪರ್ಸೆಂಟ್ ಹಾಕಿ ನೋಡು, ಇನ್ನೂರ ಮೂವತ್ತು ಚಿಲ್ಲರೆ ಬರುತ್ತೆ."

"ನನಗೆ ಹೇಳಿಕೊಡ್ತೀಯಾ? ನೀನು ಹುಟ್ಟಿದ ವರ್ಷದಿಂದ ಇದನ್ನೇ ಮಾಡ್ತಿದ್ದೀನಿ!" ಲೋಟ ಮೇಜಿಗೆ ಕುಕ್ಕಿದರು. ಟೀ ಚೆಲ್ಲಿ ಪೇಪರೆಲ್ಲ ಒದ್ದೆ.

ಅಡುಗೆಮನೆಗೆ ಬಂದು ಮಗಳು ನನ್ನ ಬೆನ್ನಿಗೆ ಹೇಳಿದಳು: "ಅಮ್ಮಾ, ನಿನಗೆ ಮೊದಲ ವಾರದಿಂದ ಗೊತ್ತು."

"ಏನು ಗೊತ್ತು? ಅಪ್ಪನಿಗೆ ಸುಸ್ತು. ಸುಸ್ತಾದಾಗ ಯಾರಿಗೆ ಲೆಕ್ಕ ಬರುತ್ತೆ?"

"ಸುಸ್ತಾದಾಗ ನಿನಗೆ ಬರುತ್ತಲ್ಲ."

ಈಗಿನ ಮಕ್ಕಳ ನಾಲಿಗೆಗೆ ತೆರಿಗೆ ಹಾಕಬೇಕು.

ಏಪ್ರಿಲ್ 14, ಸೋಮವಾರ

ಡಾಕ್ಟರ ಹತ್ತಿರ ಹೋಗಿ ಬಂದೆವು. ಇವರನ್ನು ಹೊರಗೆ ಕೂರಿಸಿ ನನ್ನನ್ನು ಒಳಗೆ ಕರೆದರು. ಮಾತು, ಓದು, ನೆನಪು ಎಲ್ಲ ಚೆನ್ನಾಗಿದೆಯಂತೆ. ಅಂಕಿಗಳ ಜಾಗಕ್ಕೆ ಪೆಟ್ಟು ಬಿದ್ದಿದೆಯಂತೆ. ಕೂಡುವುದು ಬರುತ್ತದೆ, ಕೂಡಿದ್ದನ್ನು ಬಿಡಿಸುವುದು ಬರುವುದಿಲ್ಲ. ಬಂದರೂ ಬರಬಹುದು, ಬಾರದೆಯೂ ಇರಬಹುದು.

"ಅವರಿಗೆ ಗೊತ್ತಾ?" ಎಂದು ಕೇಳಿದೆ.

"ತಪ್ಪು ಅಂತ ಅವರಿಗೆ ಅನ್ನಿಸೋದೇ ಇಲ್ಲ. ಅದೇ ಕಷ್ಟ" ಎಂದರು ಡಾಕ್ಟರು.

ಪ್ರಾಸ ಬರಲಿಲ್ಲ ಇವತ್ತು.

ಏಪ್ರಿಲ್ 25, ಶುಕ್ರವಾರ

ಅಂಗಡಿಯಲ್ಲಿ ಜಗಳ, ಜಗಳದಲ್ಲಿ ಜಯ.

ಒಂದು ಶಾಲೆಗೆ ಸಾಮಾನು ಕೊಳ್ಳಲು ಬಂದವರು, ಉಗ್ರಾಣದ ಮೇಲ್ವಿಚಾರಕರಂತೆ. ಕೈಯಲ್ಲಿ ತೆರಿಗೆ ಮಾಫಿ ಪತ್ರ. ನಾವು ಎಲ್ಲಾ ಸೇರಿ ಎಂದು ಹೇಳಿದ್ದ ಮೂವತ್ತಾರು ಸಾವಿರದಿಂದ ತೆರಿಗೆ ಕಳೆಯಬೇಕು.

"ಇಪ್ಪತ್ತು ಪರ್ಸೆಂಟ್ ಅಂತ ನೀವೇ ಬೋರ್ಡು ಹಾಕಿದ್ದೀರಿ. ಏಳು ಸಾವಿರದ ಇನ್ನೂರು ತೆಗೀರಿ. ಇಪ್ಪತ್ತೆಂಟು ಸಾವಿರದ ಎಂಟ್ನೂರು" ಎಂದರು.

"ಮೂವತ್ತು ಸಾವಿರ ಸಾರ್."

"ಅದ್ಹೇಗ್ರೀ? ಹಾಕೋವಾಗ ಇಪ್ಪತ್ತು, ತೆಗೆಯೋವಾಗ ಹದಿನಾರು ಚಿಲ್ಲರೆಯಾ? ಒಳ್ಳೇ ಅಂಗಡಿ!"

"ಹಾಕಿದ್ದು ಮೂವತ್ತು ಸಾವಿರದ ಮೇಲೆ. ನೀವು ತೆಗೀತಿರೋದು ಮೂವತ್ತಾರರ ಮೇಲೆ. ನಾವು ಹಾಕಿದ್ದನ್ನ ಸಂತೋಷವಾಗಿ ವಾಪಸ್ ತಗೊಳ್ಳಿ. ಹಾಕದೇ ಇದ್ದದ್ದನ್ನೂ ಕೇಳಿದ್ರೆ ಅದಕ್ಕೆ ಬೇರೆ ಹೆಸರಿದೆ."

ರೇಡಿಯೋ ತನ್ನ ಗಿರಾಕಿಯನ್ನು ಅರ್ಧಕ್ಕೇ ಬಿಟ್ಟು ಕಿಂಡಿಯ ಹತ್ತಿರ ಬಂದು ನಿಂತ. ಕ್ಯಾಲ್ಕುಲೇಟರು ಅವರ ಕೈಗೇ ಕೊಟ್ಟೆ. ಮೂವತ್ತು ಸಾವಿರಕ್ಕೆ ಇಪ್ಪತ್ತು ಪರ್ಸೆಂಟ್ ಹಾಕಿಸಿದೆ, ಮೂವತ್ತಾರು ಬಂತು. ಅವರ ಇಪ್ಪತ್ತೆಂಟು ಎಂಟ್ನೂರಕ್ಕೆ ಹಾಕಿಸಿದೆ, ಮೂವತ್ತನಾಲ್ಕೂವರೆ ಬಂತು. ಮೂರು ಸಲ ಒತ್ತಿದರು. ಕ್ಯಾಲ್ಕುಲೇಟರನ್ನು ಅಲ್ಲಾಡಿಸಿಯೂ ನೋಡಿದರು. ಆಮೇಲೆ ಮೂವತ್ತು ಸಾವಿರ ಎಣಿಸಿದರು. ಮಾಲೀಕರು ಒಳಗಿನಿಂದ ಬಂದು ನನ್ನ ಮೇಜಿನ ಮೇಲೆ ಒಂದು ಚಾಕಲೇಟು ಇಟ್ಟು ಹೋದರು. ಅವರ ಪಾಲಿಗೆ ಅದು ಸನ್ಮಾನ.

ಮನೆಗೆ ಬಂದು ಇವರಿಗೆ ಹೇಳೋಣ ಎಂದುಕೊಂಡಿದ್ದೆ. ತಲೆನೋವಿತ್ತು, ಹೇಳಲಿಲ್ಲ. ಚಾಕಲೇಟು ದಾರಿಯಲ್ಲೇ ಮುಗಿದಿತ್ತು.

ಮೇ 9, ಶುಕ್ರವಾರ

ಇವರಿಗೆ ನನ್ನ ಐದು-ಆರರ ಪ್ರಾಸ ಕಲಿಸಿದೆ. ಲೆಕ್ಕ ಎಂದು ಹೇಳಲಿಲ್ಲ, ಪದ್ಯ ಎಂದೆ. ಎರಡು ಸಲಕ್ಕೆ ಬಾಯಿಗೆ ಬಂತು. ಸ್ನಾನ ಮಾಡುತ್ತಾ ರಾಗವಾಗಿ ಹಾಡಿದರು. ನನಗೆ ಎಷ್ಟು ಖುಷಿಯಾಯಿತೆಂದರೆ ಟವೆಲು ಕೊಡುವಾಗಲೇ ಬಾಗಿಲ ಸಂದಿಯಿಂದ ಕೇಳಿದೆ: "ಎಲ್ಲಾ ಸೇರಿ ಆರ್ನೂರು. ತೆರಿಗೆ ಬಿಟ್ಟು?"

"ನಾನೂರ ಎಂಬತ್ತು."

ಹೊರಗೆ ಬಂದು ತಲೆ ಒರೆಸಿಕೊಳ್ಳುತ್ತಾ, "ಪದ್ಯ ಚೆನ್ನಾಗಿದೆ ಕಣೆ. ಏನಿದರ ಅರ್ಥ?" ಎಂದರು.

ಮೇ 20, ಮಂಗಳವಾರ

"ತಿಂಗಳ ಕೊನೆಗೆ ಮೂರು ತಿಂಗಳು ತುಂಬುತ್ತಲ್ಲಮ್ಮ," ಎಂದರು ಮಾಲೀಕರು. "ಮೂವತ್ತೊಂದಕ್ಕೆ ಕರ್ಕೊಂಡು ಬಾ. ಒಂದು ದಿನ ಕೂತು ಬಿಲ್ಲು ಹಾಕಲಿ. ಸರಿಯಿದ್ರೆ ಜೂನಿಂದ ಅವರೇ. ಸರಿಯಿಲ್ಲದಿದ್ರೆ ನಾನೇನಾದ್ರೂ ಯೋಚನೆ ಮಾಡಬೇಕು. ಅವರು ಹ್ಯಾಗಿದ್ದಾರೆ?"

"ಚೆನ್ನಾಗಿದ್ದಾರೆ."

ಸುಳ್ಳಲ್ಲ. ನಿನ್ನೆ ಗೊರಕೆಯವನ ಅನುಕರಣೆ ಮತ್ತೆ ಮಾಡಿದರು.

ಇವರಿಗೆ ಹೇಳಿದ ಕೂಡಲೇ ಬೀರು ತೆಗೆದು ಇಸ್ತ್ರಿ ಅಂಗಿ ಹುಡುಕತೊಡಗಿದರು. ಇನ್ನೂ ಹನ್ನೊಂದು ದಿನವಿದೆ ಎಂದೆ. "ಇರಲಿ, ಅಂಗಿಗೆ ಗೊತ್ತಾಗಲಿ" ಎಂದರು. ಆಮೇಲೆ ಹಾಸಿಗೆಯ ಅಂಚಿನಲ್ಲಿ ಕೂತು, "ಮನೇಲಿ ಕೂತವನನ್ನ ಜನ ಜೋರಾಗಿ ಮಾತಾಡಿಸ್ತಾರೆ ಗೊತ್ತಾ, ಕಿವುಡನಿಗೆ ಮಾತಾಡಿದ ಹಾಗೆ. ಕುರ್ಚೀಲಿ ಕೂತರೆ ಮೆತ್ತಗೆ ಮಾತಾಡಿಸ್ತಾರೆ" ಎಂದರು.

ಅಂಗಡಿಯಲ್ಲಿ ನನ್ನ ಕುರ್ಚಿಯ ಹಿಂದೆ ಕಿಟಕಿಗೊಂದು ಪರದೆ ಬೇಕು, ಮಧ್ಯಾಹ್ನ ಬಿಸಿಲು ನೇರ ಪರದೆಯ ಮೇಲೆ ಬಿದ್ದು ಅಂಕಿ ಕಾಣುವುದಿಲ್ಲ. ಕಂಪ್ಯೂಟರಿನ ಪರದೆ ಒಂದು, ಕಿಟಕಿಯ ಪರದೆ ಒಂದು, ಬರೆಯುವಾಗಲೇ ಗೊಂದಲ. ಜೂನಿನಲ್ಲಿ ಕೇಳಬೇಕು.

ಮೇ 30, ಶುಕ್ರವಾರ

ನಾಳೆ.

ಯೋಚನೆ ಮಾಡಿ ಇಟ್ಟಿದ್ದೇನೆ. ನಾನು ಇವರ ಹಿಂದೆಯೇ ನಿಂತಿರುತ್ತೇನೆ. ಬಿಲ್ಲು ತಪ್ಪಾದರೆ ತಪ್ಪಾಗಲಿ, ಬಾಯಿ ಬಿಡುವುದಿಲ್ಲ. ಗಿರಾಕಿ ಹೋದ ಮೇಲೆ ಕಡಿಮೆಯಾದದ್ದನ್ನು ನನ್ನ ಪರ್ಸಿನಿಂದ ಗಲ್ಲಾಕ್ಕೆ ಹಾಕಿಬಿಡುವುದು. ಶನಿವಾರ ವ್ಯಾಪಾರ ಕಡಿಮೆ. ಐನೂರು ತೆಗೆದಿಟ್ಟಿದ್ದೇನೆ. ಸಂಜೆ ಗಲ್ಲಾ ಸರಿಯಿರುತ್ತದೆ, ಮಾಲೀಕರು ಒಪ್ಪುತ್ತಾರೆ. ಆಮೇಲೆ ಏನೋ ನೆಪ ಹೇಳಿ ನಾನೂ ದಿನಾ ಜೊತೆಗೆ ಹೋದರಾಯಿತು. ಲೆಕ್ಕ ನಾನು ಮಾಡುವುದು, ಕುರ್ಚಿಯಲ್ಲಿ ಇವರು ಕೂರುವುದು.

ಅಂಗಡಿಗೆ ನಷ್ಟವಿಲ್ಲ, ಇವರಿಗೆ ಅವಮಾನವಿಲ್ಲ. ಇದರಲ್ಲಿ ತಪ್ಪೇನಿದೆ?

ಮೇ 31, ಶನಿವಾರ

ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ಇವರು ಒಳಗೆ ಕಾಲಿಟ್ಟಾಗ ರೇಡಿಯೋ ಚಪ್ಪಾಳೆ ತಟ್ಟಿದ. ಗೋದಾಮಿನವರೆಲ್ಲ ಬಂದು ಕೈ ಕುಲುಕಿದರು. ಎಲ್ಲರ ಹೆಸರೂ, ಯಾರ ಮಗಳಿಗೆ ಮದುವೆ ಗೊತ್ತಾಗಿತ್ತು ಎಂಬುದೂ ಇವರಿಗೆ ನೆನಪಿತ್ತು. ಕುರ್ಚಿಯಲ್ಲಿ ಕೂತು ಒಮ್ಮೆ ಹಿಂದೆ ಮುಂದೆ ಅಲ್ಲಾಡಿ, "ಕುಂಟೋದಿಲ್ಲವಲ್ಲ ಇದು?" ಎಂದರು. ಮುಖ ಸ್ವಲ್ಪ ಸಣ್ಣದಾಯಿತು. ನಾನು ಹಿಂದೆ ನಿಂತೆ. ಪರ್ಸು ಕೈಯಲ್ಲೇ ಇತ್ತು.

ಮೊದಲ ಎರಡು ಗಿರಾಕಿಗಳು ಚೌಕಾಸಿ ಮಾಡದೆ, ಬೋರ್ಡಿನಲ್ಲಿದ್ದ ತೆರಿಗೆ ಬಿಟ್ಟ ಬೆಲೆಗೇ ಕೊಂಡರು. ಇವರು ಬೆಲೆ ಒತ್ತಿದರು, ಕಂಪ್ಯೂಟರು ತೆರಿಗೆ ಹಾಕಿತು, ಬಿಲ್ಲು ಬಂತು. ಮಾಲೀಕರು ನನ್ನತ್ತ ನೋಡಿ ತಲೆಯಾಡಿಸಿ, ಪಕ್ಕದಲ್ಲಿ ನಿಂತು ಯಾರದ್ದೋ ಫೋನಿಗೆ ಉತ್ತರಿಸತೊಡಗಿದರು.

ಮೂರನೆಯವನು ಹೊಸ ಮನೆ ಕಟ್ಟಿಸುತ್ತಿರುವವನು. ಎರಡು ನಲ್ಲಿ, ಒಂದು ಬೇಸಿನ್ನು. ರೇಡಿಯೋ ಅರ್ಧ ಗಂಟೆ ಎಳೆದಾಡಿ ಕೂಗಿದ: "ಅಣ್ಣಾ, ಎಲ್ಲಾ ಸೇರಿ ಏಳು ಸಾವಿರದ ಇನ್ನೂರು!"

ಇವರು ಕ್ಯಾಲ್ಕುಲೇಟರು ಮುಟ್ಟಲಿಲ್ಲ. ಹಳೆಯ ಗತ್ತು. ಐದು ಸಾವಿರದ ಏಳ್ನೂರ ಅರವತ್ತು ಒತ್ತಿದರು. ಆರು ಸಾವಿರದ ಒಂಬೈನೂರ ಹನ್ನೆರಡು ಎಂದು ಮೊತ್ತ ಬಂತು. ಇನ್ನೂರ ಎಂಬತ್ತೆಂಟು ಕಡಿಮೆ. ನನ್ನ ಪರ್ಸಿನಲ್ಲಿ ಐನೂರು. ಎಲ್ಲವೂ ನಾನು ಅಂದುಕೊಂಡ ಹಾಗೇ ನಡೆಯುತ್ತಿತ್ತು. ಗಿರಾಕಿ ಪರದೆ ನೋಡಿ, ಏನೂ ನೋಡದವನ ಹಾಗೆ ನೋಟು ಎಣಿಸತೊಡಗಿದ. ಮಾಲೀಕರು ಫೋನಿನಲ್ಲೇ ಇದ್ದರು. ನಾನು ಸುಮ್ಮನೆ ನಿಂತಿದ್ದರೆ ಸಾಕಿತ್ತು.

"ಒಂದ್ನಿಮಿಷ. ತಪ್ಪಾಗಿದೆ" ಎಂದು ಯಾರೋ ಹೇಳಿದರು. ನಾನೇ.

ಇವರ ಭುಜದ ಮೇಲಿಂದ ಬಗ್ಗಿ ಅಳಿಸಿ ಆರು ಸಾವಿರ ಒತ್ತಿದೆ. ಏಳು ಸಾವಿರದ ಇನ್ನೂರು ಬಂತು.

"ಏನ್ರೀ ಇದು, ಈಗಷ್ಟೇ ಕಡಿಮೆ ತೋರಿಸ್ತು!" ಗಿರಾಕಿ ದನಿ ಏರಿಸಿದ.

"ಮಾತಾಡಿದ್ದು ಎಷ್ಟಕ್ಕೆ ಸಾರ್?" ಎಂದೆ.

"ಏಳು ಇನ್ನೂರು. ಆದ್ರೆ..."

"ಅಷ್ಟೇ ಬಂದಿದೆ."

ಮಾಲೀಕರು ಫೋನು ಕೆಳಗಿಟ್ಟಿದ್ದರು. ಇವರು ಪರದೆಯನ್ನು ನೋಡಿದರು, ನನ್ನ ಕೈ ನೋಡಿದರು. ಅದು ಇನ್ನೂ ಕೀಲಿಗಳ ಮೇಲೇ ಇತ್ತು. ಎದ್ದು ಅಂಗಿ ಸರಿಮಾಡಿಕೊಂಡು, "ಬಿಸಿಲು ಬೀಳುತ್ತೆ ಇಲ್ಲಿ, ಅಂಕಿ ಕಾಣಲ್ಲ" ಎಂದು ಹೊರಗೆ ಹೋದರು. ಬೆಳಗಿನ ಹೊತ್ತು, ಬಿಸಿಲು ಇರಲಿಲ್ಲ.

ರೇಡಿಯೋ ಇವರ ಹಿಂದೆ ಓಡಿ ನೀರು ಕೊಟ್ಟ. ಮಾಲೀಕರು ಕನ್ನಡಕ ಒರೆಸುತ್ತಾ, "ಎಷ್ಟು ದಿನದಿಂದಮ್ಮ?" ಎಂದರು.

"ಮೊದಲಿಂದ."

"ಸೋಮವಾರ ನೀನೇ ಬಾ."

ಮನೆಯ ದಾರಿಯಲ್ಲಿ ಇವರು ಒಂದೇ ಮಾತಾಡಿದ್ದು: "ನೀನು ಸುಮ್ಮನಿರಬಹುದಿತ್ತು."

ಇರಬಹುದಿತ್ತು. ಇರಬೇಕೆಂದೇ ಹೋಗಿದ್ದೆ. ಯಾಕೆ ಇರಲಿಲ್ಲ ಎಂದು ಈಗಲೂ ಕೇಳಿಕೊಳ್ಳುತ್ತಿದ್ದೇನೆ. ತಪ್ಪು ಬಿಲ್ಲು ಹೊರಗೆ ಹೋಗುತ್ತಿತ್ತು. ಅಷ್ಟೇ. ಇನ್ನೇನು ಕಾರಣವಿದ್ದೀತು?

ಜೂನ್ 2, ಸೋಮವಾರ

ಹೋದೆ. ಸಂಬಳ ಇವರಿಗಿಂತ ಕಾಲು ಭಾಗ ಕಡಿಮೆ ಎಂದರು ಮಾಲೀಕರು. "ಅದೇ ಕುರ್ಚಿ, ಅದೇ ಲೆಕ್ಕ, ಅದೇ ಸಂಬಳ" ಎಂದೆ. ಪ್ರಾಸವಿಲ್ಲದಿದ್ದರೂ ಒಪ್ಪಿದರು.

ಬಾಗಿಲು ತೆಗೆದವಳು ಮಗಳು. ಇವರು ಗೋಡೆಗೆ ಮುಖ ಮಾಡಿ ಮಲಗಿದ್ದರು. ಇಸ್ತ್ರಿ ಅಂಗಿ ಬಕೆಟ್ಟಿನಲ್ಲಿ ನೆನೆಯುತ್ತಿತ್ತು.

ಜೂನ್ 5, ಗುರುವಾರ

ಮೌನ.

ಜೂನ್ 8, ಭಾನುವಾರ

ಮಧ್ಯಾಹ್ನ ಟೀ ಹೊತ್ತಿಗೆ ಇವರು ತಾವಾಗಿಯೇ ಅಡುಗೆಮನೆಗೆ ಬಂದು ಸ್ಟೂಲಿನ ಮೇಲೆ ಕೂತರು. ವಾರದ ಗಡ್ಡ. ನಾನು ಬೆನ್ನು ತಿರುಗಿಸಿ ಟೀ ಸೋಸುತ್ತಿದ್ದೆ.

"ಆರು ಯಾಕೆ?" ಎಂದರು.

"ಏನು?"

"ಇಪ್ಪತ್ತು ಪರ್ಸೆಂಟ್ ಅಂದ್ರೆ ಐದರಲ್ಲೊಂದು. ಅದು ನನಗೆ ಗೊತ್ತು. ತೆಗೆಯುವಾಗ ಆರು ಅಂತೀಯಲ್ಲ, ಆ ಆರು ಎಲ್ಲಿಂದ ಬಂತು?"

ಈ ಮೂರು ತಿಂಗಳಲ್ಲಿ ಇವರು ಲೆಕ್ಕದ ಬಗ್ಗೆ ಕೇಳಿದ್ದು ಇದೇ ಮೊದಲು. ಇಲ್ಲಿಯವರೆಗೆ ಹೇಳಿದ್ದೇ ಹೇಳಿದ್ದು.

ಬಿಸ್ಕತ್ತಿನ ಪೊಟ್ಟಣ ಒಡೆದೆ. ತಟ್ಟೆಯಲ್ಲಿ ಐದು ಇಟ್ಟೆ. "ಇದು ಅಂಗಡಿಯ ಬೆಲೆ. ಐದಕ್ಕೆ ಒಂದರ ಹಾಗೆ ತೆರಿಗೆ." ಇನ್ನೊಂದು ಇಟ್ಟೆ. "ಗಿರಾಕಿಗೆ ಕಾಣೋದು ಇಷ್ಟೂ. ಎಣಿಸಿ."

ಬೆರಳಿಟ್ಟು ಎಣಿಸಿದರು. "ಆರು."

"ಈಗ ತೆರಿಗೆ ತೆಗೀರಿ."

ಬಹಳ ಹೊತ್ತು ತಟ್ಟೆಯನ್ನೇ ನೋಡಿದರು. ಇವತ್ತು ಸುಮ್ಮನಿರುವುದು ನನ್ನಿಂದಾಯಿತು. ಕೊನೆಗೆ ಒಂದನ್ನು ಎತ್ತಿ ಟೀಯಲ್ಲಿ ಅದ್ದಿ ತಿಂದರು.

"ಐದು" ಎಂದರು.

"ಸರಿ."

"ಸರೀನಾ?"

"ಸರಿಯಾಗಿದೆ."

ಇನ್ನೊಂದು ಸಲ ಕೇಳಿದರು, ಇನ್ನೊಂದು ಸಲ ಜೋಡಿಸಿದೆ. ಆ ಸಲ ಎರಡು ತಿಂದುಬಿಟ್ಟರು. ಮತ್ತೆ ಜೋಡಿಸಿದೆ. ಮಗಳು ಬಾಗಿಲಿಗೆ ಬಂದು ನಿಂತು ನೋಡಿ, ಇನ್ನೊಂದು ಪೊಟ್ಟಣ ತಂದಿಟ್ಟು ಹೋದಳು.

"ಹದಿನೆಂಟು ವರ್ಷ ನಾನು ಇದನ್ನ ಮಾಡ್ತಿದ್ನಾ?" ಎಂದು ಕೇಳಿದರು ಇವರು.

"ತಲೇಲೇ ಮಾಡ್ತಿದ್ರಿ. ಗಿರಾಕಿ ಜೇಬಿಗೆ ಕೈ ಹಾಕೋದ್ರೊಳಗೆ."

"ಅಬ್ಬಾ!" ಎಂದರು, ಪರಿಚಯವಿಲ್ಲದ ಯಾರನ್ನೋ ಮೆಚ್ಚಿಕೊಳ್ಳುವವರ ಹಾಗೆ.